ಕುವೆಂಪುನಗರದ ಆದಿಮಾನವ

ನಾನು ಕೆಲಸ ಮಾಡುವುದು ಕಡಕೊಳದ ಒಂದು ಕಾರ್ಖಾನೆಯಲ್ಲಿ. ನೀರಿನ ಪಂಪುಗಳಿಗೆ ಬೇಕಾದ ರಬ್ಬರ್ ಬಳೆಗಳನ್ನು ಅಲ್ಲಿ ತಯಾರಿಸುತ್ತಾರೆ. ಅವು ಸರಿಯಾಗಿವೆಯೇ ಎಂದು ಒತ್ತಿ, ಎಳೆದು, ಅಳೆದು ನೋಡಿ ಪಾಸು ಮಾಡುವುದು, ಇಲ್ಲವಾದರೆ ಬಿಸಾಡಿಸುವುದು ನನ್ನ ಕೆಲಸ. ಇಪ್ಪತ್ತಮೂರು ವರ್ಷದಿಂದ ಇದನ್ನು ಕುರ್ಚಿಯ ಮೇಲೆ ಕೂತೇ ಮಾಡಿದ್ದೇನೆ. ಹೋಗುವಾಗ ಕಂಪನಿ ಬಸ್ಸಿನಲ್ಲಿ ಕೂರುತ್ತೇನೆ, ಬರುವಾಗ ಕೂರುತ್ತೇನೆ, ಮನೆಗೆ ಬಂದ ಮೇಲೆ ಸುಸ್ತಾಗಿದೆ ಎಂದು ಕೂರುತ್ತೇನೆ. ಹೀಗೆ ಕೂತವನ ನಡುವಿನ ಸುತ್ತಲೂ ಒಂದು ರಬ್ಬರ್ ಬಳೆ ಬೆಳೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಕಾರ್ಖಾನೆಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದರು. ಹೊಟ್ಟೆಯಲ್ಲಿ ಕಡುಬು ಇನ್ನೂ ಇರುವಾಗ ಇಂಥದ್ದನ್ನು ಇಟ್ಟುಕೊಳ್ಳಬಾರದು. ಬಂದಿದ್ದ ಡಾಕ್ಟರು ನನಗೆ ಮಗಳಾಗುವಷ್ಟು ವಯಸ್ಸಿನ ಹುಡುಗಿ. ನನ್ನ ಚೀಟಿಯನ್ನು ನೋಡಿ, "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ ಸಾರ್, ಆದರೆ ಹೊರಟುಬಿಟ್ಟಿದೆ" ಎಂದಳು.

"ದಿನಕ್ಕೆ ಎಷ್ಟು ಸಲ ಅನ್ನ ತಿಂತೀರಿ?"

"ಎರಡೇ ಸಲಮ್ಮ."

"ಬೆಳಗ್ಗೆ ತಿಂಡಿಗೆ?"

"ಚಿತ್ರಾನ್ನ."

"ಅದು ಅನ್ನ ಅಲ್ವಾ ಸಾರ್?"

ಅದು ಅನ್ನ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ, ಇಡ್ಲಿ, ದೋಸೆ ಇವೆಲ್ಲ ತಿಂಡಿ. ಊಟದಲ್ಲೂ ಹುಳಿಗೆ ಒಮ್ಮೆ, ಸಾರಿಗೆ ಒಮ್ಮೆ, ಮೊಸರಿಗೆ ಒಮ್ಮೆ ಕಲಸಿದರೂ ಲೆಕ್ಕಕ್ಕೆ ಒಂದೇ ಊಟ. ನಮ್ಮ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಅಕ್ಕಿಯ ವಿಷಯದಲ್ಲಿ ನಮ್ಮ ವಂಶಕ್ಕೆ ಯಾವತ್ತೂ ಅನುಮಾನ ಬಂದದ್ದಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಮೆಷಿನ್ ಶಾಪಿನ ಸೂಪರ್‌ವೈಸರ್. ನನಗಿಂತ ಐದಾರು ವರ್ಷ ಚಿಕ್ಕವನು, ಬೋಗಾದಿಯವನು. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅವರ ಮನೆ ಅಲ್ಲೇ ಇದೆ. ಆರು ತಿಂಗಳ ಹಿಂದೆ ನನ್ನಷ್ಟೇ ದಪ್ಪಗಿದ್ದವನು ಈಗ ಪ್ಯಾಂಟನ್ನು ಬೆಲ್ಟಿನಿಂದ ಹಿಡಿದಿಟ್ಟುಕೊಂಡು ಓಡಾಡುತ್ತಿದ್ದ. ನಾನು ಚೀಟಿ ತೋರಿಸಿದೆ.

"ಅಕ್ಕಿ ಬುಟ್ಬುಡಿ ಸಾರ್," ಎಂದ. "ರಾಗಿ, ಗೋಧಿ ಬುಟ್ಬುಡಿ. ಬೇಳೆ, ಹಾಲು, ಮೊಸರು, ಸಕ್ಕರೆ, ಎಲ್ಲಾ ಬುಟ್ಬುಡಿ."

"ಆಮೇಲೆ ಪ್ರಾಣ ಬಿಡೋದೊಂದೇ ಉಳಿಯುತ್ತಲ್ಲಪ್ಪ."

"ಅಂಗಲ್ಲ ಸಾರ್. ಆದಿಮಾನವ ಏನ್ ತಿಂತಿದ್ದ ಅದನ್ನ ತಿನ್ನಿ. ಅವನು ಉತ್ತನಾ, ಬಿತ್ತನಾ? ಮಾಂಸ, ಮೀನು, ಮೊಟ್ಟೆ, ಹಣ್ಣು, ಗೆಡ್ಡೆ, ಸೊಪ್ಪು. ನಮ್ಮ ಮೈ ಇನ್ನೂ ಅದೇ ಲೆಕ್ಕದಲ್ಲಿ ಅದೆ. ಅಕ್ಕಿ ಅನ್ನೋದು ನಿನ್ನೆ ಮೊನ್ನೆ ಬಂದದ್ದು."

"ಮೊದಲ ಮೂರು ನನಗೆ ಆಗಲ್ವಲ್ಲೋ."

"ಅಂಗಾದ್ರೆ ನೀವು ಅರ್ಧ ಆದಿಮಾನವ ಆಗಿ ಸಾರ್. ಅರ್ಧ ಸಕ್ಕರೆ ಆದ್ರೂ ಇಳೀಲಿ."

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಅಂಗಿ ಹಾಕದ ಗಂಡಸರು ಯಾವುದೋ ದೇಶದ ಕಾಡಿನಲ್ಲಿ ನಿಂತು ನಮ್ಮ ಪೂರ್ವಜರ ಬಗ್ಗೆ ಭಾಷಣ ಮಾಡುತ್ತಿದ್ದರು. ಅವರಲ್ಲೊಬ್ಬ ಯಾವುದೋ ಪ್ರಾಣಿಯ ಹಸಿ ಲಿವರನ್ನು ಮಾವಿನಹೋಳಿನ ಹಾಗೆ ಕಚ್ಚಿದ. ನಮ್ಮ ಪೂರ್ವಜರು ಹೀಗಿದ್ದರೆ ಅವರಿಗೆ ತರ್ಪಣ ಬಿಡುವಾಗ ಎಳ್ಳು ನೀರು ಸಾಲದು ಎಂದುಕೊಂಡೆ. ಆದರೂ ಡಾಕ್ಟರ ಮಾತು ತಲೆಯಲ್ಲಿತ್ತು. ರಾತ್ರಿಯ ಊಟಕ್ಕೆ ಕೂತಾಗ ತಟ್ಟೆಯನ್ನು ಮುಂದಕ್ಕೆ ತಳ್ಳಿ ಘೋಷಿಸಿದೆ: ನಾಳೆಯಿಂದ ನಾನು ಶಿಲಾಯುಗದ ಊಟ ಮಾಡುತ್ತೇನೆ.

ನಮ್ಮ ಮನೆಯಲ್ಲಿರುವುದು ನಾವು ಮೂರೇ ಜನ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ಶಿಲಾಯುಗವನ್ನು ಪ್ರತಿ ಜೂನ್‌ನಲ್ಲಿ ಎರಡು ವಾರದಲ್ಲಿ ಮುಗಿಸುವವಳು.

"ಶಿಲಾಯುಗದಲ್ಲಿ ಹೆಂಡ್ತಿ ಬೆಳಗ್ಗೆ ಸ್ಕೂಲಿಗೆ ಹೋಗೋ ಮುಂಚೆ ಅಡುಗೆ ಮಾಡಿಟ್ಟು ಹೋಗ್ತಿದ್ಲೇನ್ರೀ?"

"ಇಲ್ಲ."

"ಹಾಗಾದ್ರೆ ನೀವೇ ಬೇಟೆಯಾಡಿಕೊಳ್ಳಿ. ತರಕಾರಿ ಬುಟ್ಟಿ ಫ್ರಿಜ್ಜಿನ ಪಕ್ಕದಲ್ಲಿದೆ."

ಮೂರನೆಯವಳು ನನ್ನ ಅಮ್ಮ. ಎಪ್ಪತ್ತೆರಡು ವರ್ಷ. ಈರುಳ್ಳಿಯನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ನಮ್ಮ ಮದುವೆಯಾದ ಮೇಲೂ ನಾಲ್ಕು ವರ್ಷ ಒಪ್ಪದಿದ್ದವಳು. ಅವಳು ಮೊಸರನ್ನ ಮುಗಿಸಿ, ಕೈ ತೊಳೆದು, ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು.

ಮಾರನೆಯ ಬೆಳಗ್ಗೆ ಬುಟ್ಟಿಯಲ್ಲಿ ಸುವರ್ಣಗಡ್ಡೆಯ ಅರ್ಧ ಹೋಳಿತ್ತು. ಆದಿಮಾನವನಿಗೆ ಕುಕ್ಕರ್ ಇರಲಿಲ್ಲವೆಂದು ಅದನ್ನು ಗ್ಯಾಸ್ ಒಲೆಯ ಉರಿಯ ಮೇಲೇ ಬದನೆಕಾಯಿ ಸುಡುವಂತೆ ಸುಟ್ಟೆ. ಹೊರಗೆ ಕಪ್ಪಾಯಿತು, ಒಳಗೆ ಬೆಂದಿತ್ತೋ ಇಲ್ಲವೋ ತಿಳಿಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು, ತಿಂದೆ. ಸುವರ್ಣಗಡ್ಡೆಗೆ ಹುಣಸೆಹಣ್ಣು ಯಾಕೆ ಹಾಕುತ್ತಾರೆ ಎಂಬ ಪ್ರಶ್ನೆಗೆ ಉತ್ತರ ನನಗೆ ಬಸ್ಸು ನಂಜನಗೂಡು ರಸ್ತೆಗೆ ತಿರುಗುವಷ್ಟರಲ್ಲಿ ಸಿಕ್ಕಿತು. ಗಂಟಲಿನಲ್ಲಿ ಕೆಂಜಿಗದ ಇರುವೆ ಗೂಡು ಕಟ್ಟಿದ ಹಾಗೆ ತುರಿಕೆ. ಹತ್ತು ಗಂಟೆಗೆ ಮೀಟಿಂಗು. ಮ್ಯಾನೇಜರು ಏನೋ ಕೇಳಿದರು, ನಾನು ಬಾಯಿ ತೆರೆದೆ, ಕರುವಿನ ದನಿ ಬಂತು. ಅವರು ಪಾಪ ಎಂದು ನನ್ನನ್ನು ಮನೆಗೆ ಕಳಿಸಿಬಿಟ್ಟರು.

ಮಧ್ಯಾಹ್ನ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ನನ್ನ ಮುಖ ನೋಡಿ, ಏನೂ ಕೇಳದೆ ಹುಣಸೆಹಣ್ಣಿನ ಉಂಡೆಯನ್ನು ನನ್ನ ನಾಲಿಗೆಯ ಮೇಲಿಟ್ಟು ಚೀಪು ಎಂದಳು. ತುರಿಕೆ ಇಳಿದ ಮೇಲೆ ವಿಚಾರಣೆ ಶುರುವಾಯಿತು.

"ಏನೋ ಅದು ನಿನ್ನ ಊಟ? ಸರಿಯಾಗಿ ಹೇಳು."

"ಉತ್ತು ಬಿತ್ತಿ ಬೆಳೆದದ್ದು ತಿನ್ನಬಾರದಮ್ಮ. ವ್ಯವಸಾಯ ಬರೋ ಮುಂಚೆ ಇದ್ದದ್ದು ಮಾತ್ರ."

ಅಮ್ಮ ಕನ್ನಡಕ ತೆಗೆದಳು. "ನೇಗಿಲು ತಾಗಿದ ನೆಲದಲ್ಲಿ ಬೆಳೆದದ್ದು ಕೂಡದು. ಅಷ್ಟೇ ತಾನೇ?"

"ಹೂಂ."

"ಅದು ಋಷಿಪಂಚಮಿ ಕಣೋ. ಅದಕ್ಕೆ ಶಿಲಾಯುಗ ಅಂತ ಹೆಸರಿಟ್ಟು ಬಂದಿದೀಯ! ನಾನು ಏಳು ವರ್ಷ ಹಿಡಿದು ಉದ್ಯಾಪನೆ ಮಾಡಿದೀನಿ. ಗಣೇಶನ ಹಬ್ಬದ ಮಾರನೇ ದಿನ ನೀವೆಲ್ಲ ಮಿಕ್ಕಿದ ಕಡುಬು ತಿಂದುಕೊಂಡು ಕೂತಿರ್ತಿದ್ರಿ, ನಾನು ಗೆಡ್ಡೆ ಸೊಪ್ಪು ಬೇಯಿಸಿಕೊಂಡು ತಿಂತಿದ್ದೆ. ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅಮ್ಮ ಏನು ತಿನ್ನುತ್ತಾಳೆ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿದ್ದಿಲ್ಲ. ನಾನು ಹೊಸದಾಗಿ ಕಂಡುಹಿಡಿದೆನೆಂದು ಬೀಗುತ್ತಿದ್ದದ್ದನ್ನು ಅವಳು ಹಿತ್ತಲ ಬಾಗಿಲ ಹತ್ತಿರ ಕೂತು ಏಳು ವರ್ಷ ತಿಂದು ಮುಗಿಸಿದ್ದಳು.

ಆ ಹೊತ್ತಿನಿಂದ ನನ್ನ ಶಿಲಾಯುಗ ಅಮ್ಮನ ಕೈಗೆ ಹೋಯಿತು. ವ್ರತ ಅಂದ ಮೇಲೆ ಅವಧಿ ಬೇಕು: ಒಂದು ಮಂಡಲ, ನಲವತ್ತೆಂಟು ದಿನ. ಅವಧಿ ಬಂದ ಮೇಲೆ ಸಂಕಲ್ಪ ಬೇಕು. ಮಾರನೆಯ ಬೆಳಗ್ಗೆ ನನ್ನ ಬಲಗೈಗೆ ನೀರು ಬಿಟ್ಟು, "ಮಮ ಮಧುಮೇಹ ನಿವಾರಣಾರ್ಥಂ ಅಂತ ಹೇಳು" ಎಂದಳು. ಹೇಳಿದೆ. ಹೆಂಡತಿ ಟಿಫನ್ ಡಬ್ಬಿಗೆ ಉಪ್ಪಿಟ್ಟು ತುಂಬುತ್ತಾ ನಗು ತಡೆದುಕೊಂಡು ನಿಂತಿದ್ದಳು. ಒಗ್ಗರಣೆಯ ಕರಿಬೇವಿನ ವಾಸನೆ ನೇರವಾಗಿ ನನ್ನ ಸಂಕಲ್ಪದೊಳಗೆ ಬಂತು.

ತೊಂದರೆ ಏನೆಂದರೆ, ಅಮ್ಮ ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ನಾನು ಸಂಜೆ ಚೀಲ ತುಂಬ ತರಕಾರಿ ತಂದರೆ ಅದನ್ನು ನೆಲಕ್ಕೆ ಸುರಿದುಕೊಂಡು ತಿಥಿಯ ಅಡುಗೆಗೆ ಆರಿಸುವ ಹಾಗೆ ಆರಿಸಿದಳು.

"ಆಲೂಗಡ್ಡೆ. ಇದು ವಿಲಾಯ್ತಿದು. ತೆಗಿ. ಟೊಮೇಟೊ, ತೆಗಿ. ಕೋಸು, ಹೂಕೋಸು, ಬೀನ್ಸು. ನಿನ್ನ ಆದಿಮಾನವ ಇಲ್ಲಿಯವನೋ ಇಂಗ್ಲೆಂಡಿನವನೋ?"

"ಇಲ್ಲಿಯವನೇ."

"ಹಾಗಾದ್ರೆ ಮೆಣಸಿನಕಾಯೀನೂ ಇಲ್ಲ. ಮೆಣಸು ಹಾಕ್ಕೊ."

ಗೋಡಂಬಿಯ ಪೊಟ್ಟಣವನ್ನು ನಾನು ಮೆಲ್ಲಗೆ ಚೀಲದೊಳಗೇ ಉಳಿಸಿಕೊಂಡಿದ್ದೆ. ಸಮಾಜ ವಿಜ್ಞಾನದ ಕಣ್ಣಿಗೆ ಅದು ಬಿತ್ತು. "ಅತ್ತೆ, ಗೋಡಂಬೀನೂ ಪೋರ್ಚುಗೀಸರ ಹಡಗಲ್ಲಿ ಬಂದದ್ದೇ. ಕಡ್ಲೆಕಾಯೂ ಹೊರಗಿಂದೇ. ಸೀಬೆಹಣ್ಣು, ಪರಂಗಿಹಣ್ಣು ಎಲ್ಲಾ."

"ಪರಂಗಿ ಅಂತ ಹೆಸರಲ್ಲೇ ಇದೆಯಲ್ಲಮ್ಮ," ಎಂದಳು ಅಮ್ಮ.

ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಈ ಅತ್ತೆ ಸೊಸೆ ಒಂದು ವಿಷಯಕ್ಕೂ ಒಂದಾದವರಲ್ಲ. ಹುಳಿಗೆ ಬೆಲ್ಲ ಎಷ್ಟು ಎಂಬುದರ ಮೇಲೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ನನ್ನ ಚೀಲ ಖಾಲಿ ಮಾಡುವ ಕೆಲಸದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಕೊನೆಗೆ ನನಗೆ ಉಳಿದದ್ದು ಬಾಳೆಕಾಯಿ, ಬಾಳೆದಿಂಡು, ಹಾಗಲಕಾಯಿ, ಕೆಸವಿನಗಡ್ಡೆ, ಸುವರ್ಣಗಡ್ಡೆ, ನೆಲ್ಲಿಕಾಯಿ, ತೆಂಗಿನಕಾಯಿ, ಸ್ವಲ್ಪ ಜೇನುತುಪ್ಪ. ಉಪ್ಪಿನ ವಿಷಯದಲ್ಲಿ ಅಮ್ಮ ಕರುಣೆ ತೋರಿದಳು. ಸಮುದ್ರ ಆಗಲೂ ಇತ್ತು ಎಂದಳು.

"ಕಾಫಿ?" ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಸಾವಿನ ಮನೆಯಲ್ಲಿ ನೋಡಿಕೊಳ್ಳುವ ಹಾಗೆ.

ಕಾಫಿ ಬಿಟ್ಟ ಮೊದಲ ನಾಲ್ಕು ದಿನದ ತಲೆನೋವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಐದನೆಯ ದಿನ ತಲೆನೋವು ಹೋಗಿ ಅದರ ಜಾಗದಲ್ಲಿ ಸಿಟ್ಟು ಬಂತು. ಟಿಫನ್ ಡಬ್ಬಿಯಲ್ಲಿ ಬೇಯಿಸಿದ ಬಾಳೆದಿಂಡು ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂರುತ್ತಿದ್ದೆ. ಸುತ್ತ ಅನ್ನ ಸಾಂಬಾರಿನ ಹಬೆ. ಎದುರಿಗೆ ಕೂತವರು ತಿನ್ನುವ ಸದ್ದು ಕೇಳಿದರೂ ಅವರನ್ನು ಹಿಡಿದು ಹೊಡೆಯಬೇಕು ಅನ್ನಿಸುತ್ತಿತ್ತು. ಆದಿಮಾನವರು ಕಲ್ಲಿನ ಆಯುಧ ಯಾಕೆ ಮಾಡಿಕೊಂಡರೆಂಬುದು ನನಗೆ ಆಗ ಅರ್ಥವಾಯಿತು. ಅದು ಬೇಟೆಗಲ್ಲ.

ಹನ್ನೊಂದನೆಯ ದಿನ ಒಂದು ಇಡೀ ಲಾಟು ರಬ್ಬರ್ ಬಳೆಗಳನ್ನು ನಾನು ರಿಜೆಕ್ಟ್ ಮಾಡಿದೆ. ಮೊದಲನೆಯ ಬಳೆ ಕೈಗೆ ಬಂದಾಗ ಉದ್ದಿನವಡೆಯ ಹಾಗೆ ಕಂಡಿತು. ಎರಡನೆಯದೂ ಹಾಗೇ. ವಡೆ ಅಲ್ಲದ ಮೇಲೆ ಇದು ಯಾತಕ್ಕೆ ಎಂದು ರೇಗಿ ಎಲ್ಲಕ್ಕೂ ಕೆಂಪು ಗುರುತು ಹಾಕಿಸಿದೆ. ಅರ್ಧ ಗಂಟೆಯಲ್ಲಿ ಬೋಗಾದಿಯ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದ.

"ಏನ್ ಸಾರ್, ಅಷ್ಟನ್ನೂ ರಿಜೆಕ್ಟ್ ಮಾಡ್ಬುಟ್ರಿ? ಎರಡು ದಿನದ ಕೆಲಸ ಸಾರ್!"

"ಸರಿಯಿಲ್ಲ."

"ಎಲ್ಲಿ ಸರಿಯಿಲ್ಲ ತೋರ್ಸಿ."

ಒಂದನ್ನು ಎತ್ತಿಕೊಂಡು ತೋರಿಸಲು ಹೋದೆ. ಅದು ಚೆನ್ನಾಗಿಯೇ ಇತ್ತು. ಎರಡನೆಯದೂ ಚೆನ್ನಾಗಿತ್ತು. ಅವನು ನನ್ನ ಮುಖವನ್ನು ನೋಡಿ ದನಿ ಇಳಿಸಿದ.

"ಏನ್ ತಿಂದ್ರಿ ಸಾರ್ ಇವತ್ತು?"

ಹೇಳಿದೆ. ಕಾಫಿಯಿಲ್ಲ, ಕಡ್ಲೆಕಾಯಿಯಿಲ್ಲ, ಮೆಣಸಿನಕಾಯಿಯಿಲ್ಲ ಎಂಬುದನ್ನೂ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

"ನಾನೇ ಬ್ಲ್ಯಾಕ್ ಕಾಫಿ ಕುಡೀತೀನಿ, ವಾರಕ್ಕೆ ಎರಡು ಕೋಳಿ ತಿಂತೀನಿ. ನಿಮ್ಮನ್ನ ಯಾರು ಸಾರ್ ಇಂಗೆ ಮಾಡಿದ್ದು?"

"ನಮ್ಮಮ್ಮ."

"ಭಾನುವಾರ ನಮ್ಮನೆಗೆ ಬಂದ್ಬುಡಿ. ಇಲ್ಲಾಂದ್ರೆ ಈ ಕಾರ್ಖಾನೆ ಮುಚ್ಚಿಸ್ಬುಡ್ತೀರಿ."

ಲಾಟನ್ನು ಪಾಸು ಮಾಡಿದೆ. ಭಾನುವಾರ ಸ್ಕೂಟರ್ ಹತ್ತಿ ಬೋಗಾದಿಗೆ ಹೋದೆ. ಅವನ ಮನೆ ಮೂರಂತಸ್ತಿನದು, ಮೇಲಿನ ಎರಡರಲ್ಲಿ ಓದುವ ಹುಡುಗರು ಬಾಡಿಗೆಗಿದ್ದರು. ಕೆಳಗೆ ಗೇಟಿನ ಪಕ್ಕ ಹಳೆಯ ನೀರಿನ ತೊಟ್ಟಿ, ಅದರ ಹಿಂದೆ ಕೋಳಿಗಳು. ಚಪ್ಪಡಿ ಕಲ್ಲಿನ ಮೇಲೆ ಅವನ ಅಪ್ಪ ಕೂತಿದ್ದರು. ಎಂಬತ್ತರ ಆಸುಪಾಸು. ಈಗ ಬಡಾವಣೆಯಾಗಿರುವ ಆ ನೆಲವನ್ನೆಲ್ಲ ಹಿಂದೆ ಉತ್ತವರು ಅವರೇ. ಮಗ ನನ್ನ ವ್ರತವನ್ನು ವಿವರಿಸಿದ. ಅವರು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದರು.

"ಅಂಗಾರೆ ನಾವು ಉತ್ತಿದ್ದೆಲ್ಲ ತಪ್ಪಾಯ್ತಾ ಸ್ವಾಮಿ?"

"ಅಯ್ಯೋ, ಹಾಗಲ್ಲ ಯಜಮಾನ್ರೆ."

"ಅಲ್ಲಾ, ಈ ಆದಿಮಾನವ ಗೆಡ್ಡೆ ಗೆಣಸು ಎಂಗೆ ತರ್ತಿದ್ದ? ಸ್ಕೂಟರ್ ಮ್ಯಾಗೆ ಓಗಿ ತರ್ತಿದ್ನಾ?"

ನಾನು ಸ್ಕೂಟರ್ ಕಡೆ ನೋಡಿದೆ. ಅವರು ಎದ್ದು ನಿಂತು, ಪಂಚೆ ಮೇಲಕ್ಕೆ ಕಟ್ಟಿ, ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಬನ್ನಿ. ನಿಮಗೆ ಈಗ ಯಾರೂ ಉಳದೇ ಇರೋ ನೆಲ ತೋರುಸ್ತೀನಿ."

ಅವರು ತೋರಿಸಿದ್ದು ಖಾಲಿ ಸೈಟುಗಳನ್ನು. ಹೊಸ ಮನೆಗಳ ನಡುನಡುವೆ, ಯಾರೋ ಕೊಂಡು ಬೇಲಿ ಹಾಕಿ ಮರೆತುಬಿಟ್ಟ ಜಾಗಗಳು. ಜಲ್ಲಿ ರಾಶಿ, ಮುರಿದ ಕಮೋಡು, ಸಿಮೆಂಟ್ ಚೀಲ. ನಾನು ದಿನವೂ ನೋಡುವ ಕಸದ ಗಿಡಗಳು ಎಂದುಕೊಂಡಿದ್ದವನ್ನು ಅವರು ಒಂದೊಂದಾಗಿ ಹೆಸರು ಹಿಡಿದು ಕರೆದರು. ಅಣ್ಣೆ ಸೊಪ್ಪು. ಗಣಿಕೆ ಸೊಪ್ಪು. ಕಿರಕಸಾಲೆ. ನೀರು ನಿಂತ ಮೂಲೆಯಲ್ಲಿ ಹೊನಗೊನ್ನೆ. "ಇದೆಲ್ಲ ಸೇರುಸಿದ್ರೆ ಬೆರಕೆ ಸೊಪ್ಪು. ಯಾರೂ ಬಿತ್ತಿದ್ದಲ್ಲ. ಕುಡಿ ಚಿವುಟಿ, ಬೇರು ಕೀಳಬ್ಯಾಡಿ. ನಾಯಿ ಕಾಲೆತ್ತೋ ಕಂಬದ ಅತ್ರ ಮುಟ್ಟಬ್ಯಾಡಿ."

ಬಗ್ಗಿ ಚಿವುಟುವುದು ಸುಲಭದ ಕೆಲಸವಲ್ಲ. ಹತ್ತು ನಿಮಿಷಕ್ಕೆ ನನ್ನ ಹೊಟ್ಟೆ ತೊಡೆಗೆ ಸಿಕ್ಕಿ ಉಸಿರು ಕಟ್ಟಿತು. ಎಂಬತ್ತರ ಮುದುಕರು ಕುಕ್ಕರುಗಾಲಿನಲ್ಲೇ ಬಾತುಕೋಳಿಯ ಹಾಗೆ ಮುಂದೆ ಮುಂದೆ ಹೋಗುತ್ತಿದ್ದರು. ನಾನು ಸೊಂಟ ಹಿಡಿದುಕೊಂಡು ನೇರವಾದಾಗ ಎದುರು ಮನೆಯ ಬಾಲ್ಕನಿಯಿಂದ ಒಬ್ಬ ಹೆಂಗಸು ನಮ್ಮನ್ನೇ ನೋಡುತ್ತಿದ್ದರು.

"ರೀ, ಸೈಟ್ ನೋಡೋಕೆ ಬಂದ್ರಾ? ಮಾರ್ತಾರಂತಾ ಇದನ್ನ?"

"ಇಲ್ಲಮ್ಮ, ಸೊಪ್ಪು ಕೀಳ್ತಿದೀವಿ."

ಆಕೆ ನನ್ನ ಇಸ್ತ್ರಿ ಮಾಡಿದ ಷರಟು, ಕೈಗಡಿಯಾರ, ಬುಟ್ಟಿ ಎಲ್ಲವನ್ನೂ ನೋಡಿದರು. "ಪಾಪ," ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಒಂದು ಕಟ್ಟು ದಂಟಿನ ಸೊಪ್ಪನ್ನು ನಮ್ಮ ಬುಟ್ಟಿಗೆ ಎಸೆದರು. ನನ್ನ ಜೀವನದಲ್ಲಿ ಭಿಕ್ಷೆ ಸ್ವೀಕರಿಸಿದ್ದು ಉಪನಯನದಲ್ಲಿ ಬಿಟ್ಟರೆ ಅದೇ ಮೊದಲು. ಯಜಮಾನರಿಗೆ ನಗು ತಡೆಯಲಾರದೆ ಎಲೆಯಡಿಕೆ ನೆತ್ತಿಗೇರಿತು.

ಮನೆಗೆ ಬಂದಾಗ ಸೂಪರ್‌ವೈಸರನ ಹೆಂಡತಿ ಸೊಪ್ಪನ್ನು ತೊಳೆದು ಬೇಯಿಸಿ ಮಸೆದರು. ಬೇಳೆಯಿಲ್ಲ, ಮೆಣಸಿನಕಾಯಿಯಿಲ್ಲ, ಬರೀ ಮೆಣಸು, ಉಪ್ಪು, ಹುಣಸೆ. ಅದರ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಸಿಪ್ಪೆ ಸುಲಿದ ಎರಡು ಬೇಯಿಸಿದ ಮೊಟ್ಟೆ ಇಟ್ಟರು. ಇಟ್ಟವರು ಒಳಗೆ ಹೋಗಿಬಿಟ್ಟರು. ಸೂಪರ್‌ವೈಸರ್ ಟಿವಿ ನೋಡುತ್ತಿರುವವನ ಹಾಗೆ ನಟಿಸಿದ. ಟಿವಿ ಹಾಕಿರಲಿಲ್ಲ. ಯಜಮಾನರು ಮಾತ್ರ ನೇರವಾಗಿ ನನ್ನ ಮುಖವನ್ನೇ ನೋಡುತ್ತಾ ಕೂತರು.

"ಬಲವಂತ ಇಲ್ಲ ಸ್ವಾಮಿ. ಸೊಪ್ಪು ತಿನ್ನಿ ಸಾಕು."

ನಲವತ್ತೊಂಬತ್ತು ವರ್ಷ ನಾನು ಮುಟ್ಟದ ವಸ್ತು. ನನ್ನ ಅಪ್ಪ ಮುಟ್ಟದ್ದು, ಉಗ್ರಾಣದ ತಾತ ಮುಟ್ಟದ್ದು, ಅವರ ಹಿಂದಿನ ಯಾರೂ ಮುಟ್ಟದ್ದು. ಆ ಇಡೀ ಸಾಲು ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಹೊಟ್ಟೆ ಮಾತ್ರ ಅಷ್ಟು ದಿನದ ಬಾಳೆದಿಂಡನ್ನು ನೆನೆಸಿಕೊಂಡಿತು. ಕಣ್ಣು ಮುಚ್ಚಿ ಕಚ್ಚಿದೆ. ಬಿಳಿಯ ಭಾಗ ಥೇಟ್ ನಮ್ಮ ಕಾರ್ಖಾನೆಯ ಮಾಲಿನ ಹಾಗೇ ಇತ್ತು. ಒತ್ತಿದರೆ ಒಳ್ಳೆಯ ಪುಟಿತ, ನಾನಾಗಿದ್ದರೆ ಪಾಸು ಮಾಡುತ್ತಿದ್ದೆ. ಹಳದಿ ಭಾಗ ಹುರಿಹಿಟ್ಟಿನ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಗುಡುಗಲಿಲ್ಲ, ಮಿಂಚಲಿಲ್ಲ. ಎರಡನೆಯದನ್ನು ಕಣ್ಣು ತೆರೆದುಕೊಂಡೇ ತಿಂದೆ. ತಿಂದ ಮೇಲೆ ಬಹಳ ದಿನಗಳ ನಂತರ ಪ್ರಪಂಚದ ಮೇಲೆ ಸಿಟ್ಟಿರಲಿಲ್ಲ.

ಮುಂದಿನ ಎರಡು ಭಾನುವಾರವೂ ಹೀಗೇ ನಡೆಯಿತು. ಸ್ಕೂಟರ್ ಬಿಟ್ಟು ನಡೆದುಕೊಂಡು ಹೋಗತೊಡಗಿದೆ. ಯಜಮಾನರ ಮಾತು ಚುಚ್ಚಿತ್ತು. ಕುವೆಂಪುನಗರದಿಂದ ಬೋಗಾದಿಗೆ ನಡೆದು, ಸೊಪ್ಪು ಚಿವುಟಿ, ಮೊಟ್ಟೆ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ವಾಪಸು. ಸೊಪ್ಪಿನ ಅರ್ಧ ಪಾಲನ್ನು ಮನೆಗೆ ತರುತ್ತಿದ್ದೆ. ಅಮ್ಮ ಅದನ್ನು ಮೊರದಲ್ಲಿ ಹರಡಿಕೊಂಡು ಆರಿಸುತ್ತಾ ಖುಷಿಪಡುತ್ತಿದ್ದಳು. ಅವಳ ಖುಷಿ ನೋಡಿದಷ್ಟೂ ನನಗೆ ಏಲಕ್ಕಿ ಕಹಿಯಾಗುತ್ತಿತ್ತು.

ಆಮೇಲೆ ಅಪ್ಪನ ತಿಥಿ ಬಂತು. ವರ್ಷಕ್ಕೊಮ್ಮೆ ಬರುವುದು ಗೊತ್ತೇ ಇತ್ತು, ಆದರೆ ಸಂಕಲ್ಪ ಮಾಡುವಾಗ ಯಾರೂ ಪಂಚಾಂಗ ನೋಡಿರಲಿಲ್ಲ. ಸುಳ್ಳು ಹೇಳಿಕೊಂಡು ಪಾಸು ಮಾಡುವ ಮನುಷ್ಯ ನಾನು, ಆಫೀಸಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಆದರೆ ಅಪ್ಪನಿಗೆ ಪಿಂಡ ಇಡುವ ಕೈಯಲ್ಲಿ ಆರು ಮೊಟ್ಟೆಯ ಪಾಪ ಇಟ್ಟುಕೊಳ್ಳುವುದಕ್ಕೆ ಧೈರ್ಯ ಸಾಲಲಿಲ್ಲ. ತಿಥಿಗೆ ಎರಡು ದಿನವಿದ್ದಾಗ ನಾನು ಕೆಲಸಕ್ಕೆ ರಜೆ ಹಾಕಿದ್ದೆ; ಮಧ್ಯಾಹ್ನ ಅಮ್ಮ ಹಜಾರದಲ್ಲಿ ಕೂತು ಎಳ್ಳು ಆರಿಸುತ್ತಿದ್ದಳು. ಹೆಂಡತಿ ಸ್ಕೂಲಿನಿಂದ ಬಂದಿರಲಿಲ್ಲ. ಹತ್ತಿರ ಹೋಗಿ ಕೂತೆ.

"ಅಮ್ಮ, ಬೋಗಾದಿಯಲ್ಲಿ ನಾನು ಮೊಟ್ಟೆ ತಿಂದೆ."

ಅವಳ ಬೆರಳು ನಿಲ್ಲಲಿಲ್ಲ. ಒಂದು ಕಲ್ಲು ಸಿಕ್ಕಿತು, ಪಕ್ಕಕ್ಕಿಟ್ಟಳು.

"ಎಷ್ಟು?"

"ಮೊದಲ ವಾರ ಎರಡು. ಆಮೇಲೆ... ಎರಡೆರಡು."

"ಹೂಂ."

"ತಿಥಿ ನಾನು ಮಾಡಬಹುದಾ? ಪ್ರಾಯಶ್ಚಿತ್ತ ಏನಾದ್ರೂ ಇದ್ರೆ ಪುರೋಹಿತರನ್ನ ಕೇಳಲಾ? ನಮ್ಮ ವಂಶದಲ್ಲಿ ಯಾರೂ ಮಾಡದ ಕೆಲಸ ಮಾಡಿಬಿಟ್ಟೆ."

ಅಮ್ಮ ಮೊರವನ್ನು ಕೆಳಗಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿದಳು.

"ಪುರೋಹಿತರನ್ನ ಕೇಳಕ್ಕೆ ಹೋಗಬೇಡ. ನೀನು ಹೊಟ್ಟೇಲಿದ್ದಾಗ ನನಗೆ ಎದ್ದು ನಿಂತ್ರೆ ತಲೆ ಸುತ್ತು. ಮೈಯಲ್ಲಿ ರಕ್ತ ಇಲ್ಲ ಅಂದ್ರು. ಲೇಡಿ ಡಾಕ್ಟ್ರು ನಿಮ್ಮಪ್ಪನ್ನ ಪಕ್ಕಕ್ಕೆ ಕರೆದು, ಮಗು ಬೇಕೋ ಮಡಿ ಬೇಕೋ ಅಂತ ಕೇಳಿದ್ರು. ದಿನಾ ಒಂದು ಮೊಟ್ಟೆ ಕೊಡಿ ಅಂದ್ರು."

ನಾನು ಇನ್ನಷ್ಟು ಹತ್ತಿರ ಜರುಗಿದೆ.

"ನಿಮ್ಮಪ್ಪ ಆಫೀಸಿಂದ ಬರ್ತಾ ಪಂಚೆಯ ಮಡಿಕೇಲಿ ಸುತ್ತಿಕೊಂಡು ತರ್ತಿದ್ರು. ಒಂದು ಸಲ ಸೈಕಲ್ ಇಳಿಯೋವಾಗ ಒಡೆದು ಪಂಚೆ ಪೂರ್ತಿ ಆಯ್ತು. ಬಿಸಿ ಹಾಲಿಗೆ ಒಡೆದು ಹಾಕಿ, ಸಕ್ಕರೆ ಏಲಕ್ಕಿ ಕಲಸಿ, ಅವರೇ ತಿರುಗಿಸಿ ಕೊಡ್ತಿದ್ರು. ನಿಮ್ಮಜ್ಜಿ ಕೇಳಿದ್ರೆ ಟಾನಿಕ್ ಅಂತಿದ್ರು. ನೀನು ಹುಟ್ಟೋವರೆಗೂ ಕುಡಿದಿದೀನಿ, ಮೂರು ತಿಂಗಳು. ನೀನು ಏನು ಹೊಸದಾಗಿ ತಿಂದಿರೋದು? ನೀನು ಆಗಿರೋದೇ ಮೊಟ್ಟೇಲಿ ಕಣೋ."

"ಸಿಪ್ಪೆ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ ಗೊತ್ತಿಲ್ಲ.

"ಕನಕಾಂಬರದ ಗಿಡದ ಬುಡದಲ್ಲಿ ಹೂಳ್ತಿದ್ದೆ. ಆ ವರ್ಷ ಹೂವು ಬಿಟ್ಟಿದ್ದು ಬಿಟ್ಟಿದ್ದೇ. ನಿಮ್ಮಜ್ಜಿ ದಿನಾ ದೇವರಿಗೆ ಮುಡಿಸಿ, ಇದು ತಮ್ಮ ಕೈಗುಣ ಅಂತ ಬೀದಿಗೆಲ್ಲಾ ಹೇಳಿಕೊಂಡು ಬಂದ್ರು."

ಹೇಳುತ್ತಾ ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಮೊರದ ಮೇಲಿನ ಎಳ್ಳು ಅಲುಗುವ ಹಾಗೆ ನಕ್ಕಳು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡಳು. ಅಪ್ಪ ಸತ್ತು ಹದಿನಾಲ್ಕು ವರ್ಷವಾಗಿತ್ತು. ಅವರು ನನ್ನ ಮಟ್ಟಿಗೆ ಪಂಚೆ, ಪೇಪರು, ಸಿಡುಕು ಅಷ್ಟೇ ಆಗಿದ್ದರು. ಒಲೆಯ ಮುಂದೆ ನಿಂತು, ಬಾಗಿಲ ಕಡೆ ಕಿವಿಯಿಟ್ಟುಕೊಂಡು, ಲೋಟದಲ್ಲಿ ಮೊಟ್ಟೆ ತಿರುಗಿಸುತ್ತಿರುವ ಇಪ್ಪತ್ತೇಳು ವರ್ಷದ ಹುಡುಗನನ್ನು ನಾನು ನೋಡಿರಲೇ ಇಲ್ಲ.

"ಒಂದು ವಿಷಯ ಕೇಳ್ತೀನಿ," ಎಂದಳು ಅಮ್ಮ ದನಿ ತಗ್ಗಿಸಿ. "ಹಾಲು ಏಲಕ್ಕಿ ಇಲ್ದೆ, ಬರೀ ಅದು ಹೇಗಿರುತ್ತೋ?"

"ಏನೂ ಇಲ್ಲಮ್ಮ. ಉಪ್ಪು ಮೆಣಸು ಹಾಕಿದ್ರೆ ಪರವಾಗಿಲ್ಲ."

"ಅಷ್ಟೇನಾ!" ಎಂದು ಮೊರ ಎತ್ತಿಕೊಂಡಳು. ಅವಳಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು.

ತಿಥಿ ಮಾಡಿದೆ. ಪಿತೃಕಾರ್ಯ ವ್ರತಕ್ಕಿಂತ ದೊಡ್ಡದು ಎಂದು ಅಮ್ಮನೇ ತೀರ್ಪು ಕೊಟ್ಟಳು. ಅನ್ನ, ತೊವ್ವೆ, ಪಾಯಸ, ವಡೆ. ಮೂವತ್ತಮೂರನೆಯ ದಿನ ನನ್ನ ಶಿಲಾಯುಗ ಮುಗಿದು ನಾನು ನೇರವಾಗಿ ಉದ್ದಿನವಡೆಯ ಯುಗಕ್ಕೆ ಕಾಲಿಟ್ಟೆ. ಎಷ್ಟು ತಿಂದೆ ಎಂದು ಹೇಳುವುದಿಲ್ಲ. ಪುರೋಹಿತರು ತಮ್ಮ ಎಲೆಯಿಂದ ತಲೆಯೆತ್ತಿ, "ಪಿತೃಗಳು ತೃಪ್ತರಾಗಿದ್ದಾರೆ, ನೀವೂ ಆಗಬಹುದು" ಎಂದರು.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಸ್ವಲ್ಪ ಇಳಿದಿತ್ತು. ಏನು ಮಾಡಿದಿರಿ ಎಂದು ಆ ಡಾಕ್ಟರ್ ಹುಡುಗಿ ಕೇಳಿದಳು. ಬಾಳೆದಿಂಡಿನಿಂದಲೋ, ನಡೆದದ್ದರಿಂದಲೋ, ಸೊಪ್ಪಿಗೆ ಬಗ್ಗಿದ್ದರಿಂದಲೋ, ಯಾವುದಕ್ಕೆ ಕೀರ್ತಿ ಕೊಡಬೇಕೆಂದು ಗೊತ್ತಾಗದೆ, ಅನ್ನ ಕಡಿಮೆ ಮಾಡಿದೆ ಎಂದೆ. ಅದು ಒಂದು ಮಟ್ಟಿಗೆ ನಿಜ. ಈಗ ಅನ್ನವನ್ನು ಅನ್ನ ಎಂದೇ ಲೆಕ್ಕ ಹಿಡಿಯುತ್ತೇನೆ. ಬೋಗಾದಿಯ ಸೂಪರ್‌ವೈಸರ್ ಶಿಲಾಯುಗ ಬಿಟ್ಟು, ದಿನಕ್ಕೆ ಒಂದೇ ಹೊತ್ತು ಉಣ್ಣುವ ಇನ್ನೊಂದು ಪಂಥಕ್ಕೆ ಸೇರಿದ್ದಾನೆ. ನನ್ನನ್ನು ಕರೆದ. ನಾನು ಕೈಮುಗಿದೆ.

ಭಾನುವಾರದ ನಡಿಗೆ ಮಾತ್ರ ಬಿಟ್ಟಿಲ್ಲ. ಕಳೆದ ತಿಂಗಳು ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ನಡೆಸುವಂತಿರಲಿಲ್ಲ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದೆ. ಯಜಮಾನರು ತಾವು ಕೂರುವ ಚಪ್ಪಡಿಯನ್ನೇ ಅವಳಿಗೆ ಬಿಟ್ಟುಕೊಟ್ಟು ತಮಗೆ ಕುರ್ಚಿ ತರಿಸಿಕೊಂಡರು. ಅವರ ಸೊಸೆ ಹಿಂದೆಮುಂದೆ ನೋಡುತ್ತಾ ಕಾಫಿ ತಂದರು. ಅಮ್ಮ ಲೋಟ ಎತ್ತಿ ಕುಡಿದು, ಡಿಕಾಕ್ಷನ್ ಚೆನ್ನಾಗಿದೆ ಕಣಮ್ಮ, ಹಾಲು ಯಾರದು ಎಂದು ಕೇಳಿದಳು. ಆಮೇಲೆ ಮುದುಕರಿಬ್ಬರೂ ಬುಟ್ಟಿ ಮುಂದಿಟ್ಟುಕೊಂಡು ಒಂದು ಎಲೆಯ ಮೇಲೆ ಜಗಳಕ್ಕೆ ಬಿದ್ದರು. ಅಮ್ಮ ಅದು ಹೊನಗೊನ್ನೆ ಅಂದಳು. ಅವರು ಅಲ್ಲ ಅಂದರು.

"ನೀವು ಪ್ಯಾಟೇರು ಅಮ್ಮಾವ್ರೆ, ನಿಮಗೆ ಗೊತ್ತಾಗಲ್ಲ, ಬುಡಿ."

"ನಾನು ಏಳು ವರ್ಷ ಋಷಿಪಂಚಮಿ ಮಾಡಿದೀನ್ರೀ."

"ನಾನು ಎಂಬತ್ತು ವರ್ಷದಿಂದ ತಿಂತಾ ಇವ್ನಿ."

ಅವರು ಹೇಳಿದ್ದೇ ಸರಿ. ವಾಪಸು ಬರುವಾಗ ಅಮ್ಮ ಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು. ಸಿಗ್ನಲ್‌ನಲ್ಲಿ ನಿಂತಾಗ ನನ್ನ ಭುಜ ತಟ್ಟಿ, ಆ ಯಜಮಾನರಿಗೆ ಕಣ್ಣಿನ ಪೊರೆ ಬಂದಿರಬೇಕು, ಮಗನಿಗೆ ಹೇಳಿ ತೋರಿಸಿಕೊಳ್ಳೋಕೆ ಹೇಳು ಎಂದಳು.